ಎತ್ತಿ ನೋಡಿ ಮತ್ತೆ ಇಟ್ಟದ್ದು

ಬಳ್ಳಾರಿಯಲ್ಲಿ ಪಾತ್ರೆ, ಬೆಳ್ಳಿ, ಬಂಗಾರದ ದೊಡ್ಡ ಅಂಗಡಿ ಇಟ್ಟಿದ್ದ ಸಾವ್ಕಾರರು ನನ್ನನ್ನು ಕರೆಸಿ, ‘ಯಾರಿಗೆ ಏನ್ ಉಡುಗೊರಿ ಕೊಡಬೇಕಂತ ಫೋನೇ ಹೇಳಬೇಕು, ಅಂಥದ್ದೊಂದು ಸಾಫ್ಟ್‌ವೇರ್ ಮಾಡ್ತಿಯೇನಮ್ಮ’ ಎಂದು ಕೇಳಿದಾಗ ನಾನು ಹಿಂದುಮುಂದು ನೋಡದೆ ಹ್ಞೂಂ ಅಂದುಬಿಟ್ಟೆ. ಆ್ಯಪ್ ಅನ್ನುವ ಮಾತು ಇನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ಗುಂಡಿ ಒತ್ತುವ ಫೋನುಗಳ ಕಾಲ ಅದು, ಪರದೆ ಬೆಂಕಿಪೊಟ್ಟಣದಷ್ಟು. ಪಾಲಿಟೆಕ್ನಿಕ್‌ನಲ್ಲಿ ಕಲಿತ ಜಾವಾದಿಂದ ಆ ಫೋನುಗಳಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಓಡಿಸಬಹುದು ಎಂದು ಗೊತ್ತಿತ್ತೇ ಹೊರತು ಓಡಿಸಿ ನೋಡಿರಲಿಲ್ಲ. ಆದರೆ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು, ಕಂಪ್ಯೂಟರ್ ಸೆಂಟರಿನಲ್ಲಿ ಕೂತು, ಕಂಡವರ ಮದುವೆ ಕಾರ್ಡಿಗೆ ಗಣಪತಿ ಅಂಟಿಸಿ ಅಂಟಿಸಿ ನನಗೆ ತಲೆಕೆಟ್ಟು ಹೋಗಿತ್ತು. ‘ನಿನ್ನ ಕೈಲಿ ಆಗೋ ಕೆಲಸ ಏನವ ಅದು’ ಎಂದು ಸೆಂಟರಿನ ಮಾಲೀಕರು ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು. ನನಗೆ ಯಾರಾದರೂ ಆಗುವುದಿಲ್ಲ ಅಂದರೆ ಸಾಕು, ಅನ್ನ ನೀರು ಬಿಟ್ಟಾದರೂ ಮಾಡಿ ತೋರಿಸುವ ಹಟ ಹುಟ್ಟಿನಿಂದ ಬಂದದ್ದು.

ಸಾವ್ಕಾರರಿಗೆ ಇಂಥ ಯೋಚನೆ ಬರುವುದಕ್ಕೆ ಅದಿರೇ ಕಾರಣ. ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಕಡೆಯ ಗುಡ್ಡಗಳು ಲಾರಿಯ ಮೇಲೆ ಕೂತು ಬಂದರಿಗೆ ಹೋಗುತ್ತಿದ್ದವು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನ ಗಾಜು ಇಳಿಸಿ ಮಾತಾಡಿಸುತ್ತಿದ್ದರು. ಮದುವೆಗಳು ಊದಿಕೊಂಡವು. ಒಬ್ಬರು ಲಗ್ನಪತ್ರಿಕೆಯ ಜೊತೆ ಬೆಳ್ಳಿ ಬಟ್ಟಲು ಹಂಚಿದರೆ ಮುಂದಿನ ತಿಂಗಳು ಇನ್ನೊಬ್ಬರು ಬೆಳ್ಳಿ ತಟ್ಟೆ ಹಂಚುತ್ತಿದ್ದರು. ನಡುವೆ ಸಿಕ್ಕಿಕೊಂಡವರು ನಮ್ಮಂಥವರು, ಅದಿರೂ ಇಲ್ಲ, ಲಾರಿಯೂ ಇಲ್ಲ, ಆದರೆ ಬೀಗರು ಬಿಜ್ಜರು ಎಲ್ಲ ಅವರೇ. ಜನ ಅಂಗಡಿಗೆ ಬಂದು ಬೆಳ್ಳಿ ಸಾಮಾನಿನ ಮುಂದೆ ನಿಂತು ‘ಏನ್ ಕೊಟ್ರ ಕಡಿಮಿ ಅನಿಸಂಗಿಲ್ಲ ಹೇಳ್ರಿ’ ಎಂದು ಕೇಳುತ್ತಿದ್ದರಂತೆ. ಯಾರಿಗೆ ಏನು ಇಷ್ಟ ಎಂದು ಒಬ್ಬರೂ ಕೇಳುತ್ತಿರಲಿಲ್ಲ.

ಶುರುವಿನಲ್ಲಿ ಎದುರಾದ ತೊಡಕು ಅಕ್ಷರದ್ದು. ಕನ್ನಡ ಹಾಕಿದರೆ ಆ ಫೋನುಗಳಲ್ಲಿ ಬರೀ ಖಾಲಿ ಚೌಕಗಳು ಕಾಣುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರಿ ಎಂದರು ಸಾವ್ಕಾರರು. ನನ್ನ ಅವ್ವ ಓದಲಾರದ್ದನ್ನು ನಾನು ಮಾಡುವುದಿಲ್ಲ ಎಂದೆ. ಪ್ರತಿಯೊಂದು ಪ್ರಶ್ನೆಯನ್ನೂ ಚಿತ್ರ ಬರೆದ ಹಾಗೆ ಚುಕ್ಕಿ ಚುಕ್ಕಿ ಇಟ್ಟು ಬರೆದು, ಚಿತ್ರವಾಗಿಯೇ ಫೋನಿಗೆ ಹಾಕಿದೆ. ‘ಯಾರಿಗೆ?’ ಅನ್ನುವ ಒಂದೇ ಮಾತಿಗೆ ಒಂದು ಮಧ್ಯಾಹ್ನ ಹೋಯಿತು. ರ ಅಕ್ಷರದ ಹೊಟ್ಟೆ ಎಷ್ಟು ಸಲ ತಿದ್ದಿದರೂ ಸೊನ್ನೆಯಂತೆಯೇ ಕಾಣುತ್ತಿತ್ತು. ಕಡೆಗೆ ಅದು ಪರದೆಯ ಮೇಲೆ ಸರಿಯಾಗಿ ನಿಂತಾಗ ನನಗೆ ಆದ ಖುಷಿಯನ್ನು ಸೆಂಟರಿನಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ, ಅವರಿಗೆ ಅರ್ಥವಾಗುತ್ತಿರಲಿಲ್ಲ.

ಯಾರಿಗೆ, ಯಾವ ಕಾರ್ಯಕ್ಕೆ, ಅವರಿಗೆ ಏನು ಬೇಕು. ಈ ಮೂರು ಪ್ರಶ್ನೆ ಇಟ್ಟುಕೊಂಡು ಸುಲಭದಲ್ಲಿ ಮುಗಿದೀತು ಎಂದುಕೊಂಡಿದ್ದೆ. ಪರೀಕ್ಷೆ ಮಾಡಲು ಕುರುಗೋಡಿನ ನಮ್ಮ ಓಣಿಯ ಹೆಂಗಸರ ಹತ್ತಿರ ಫೋನು ಹಿಡಿದುಕೊಂಡು ಹೋದೆ. ‘ಚಿಗವ್ವ, ನಿಮಗ ಯಾರರ ಏನರ ಕೊಡ್ತೀನಂದ್ರ ಏನ್ ಬೇಕಂತೀರಿ?’ ‘ನನಗೇನವಾ, ಏನೂ ಬ್ಯಾಡ.’ ಪಕ್ಕದ ಮನೆಯಲ್ಲಿ ಕೇಳಿದೆ, ಏನೂ ಬ್ಯಾಡ. ಗಿರಣಿಯ ಮುಂದೆ ಹಿಟ್ಟಿನ ಡಬ್ಬಿ ಹಿಡಿದು ನಿಂತವರನ್ನು ಕೇಳಿದೆ, ಏನೂ ಬ್ಯಾಡ ಬಿಡವಾ, ದೇವರು ಕೊಟ್ಟದ್ದು ಐತಿ. ಕಡೆಗೆ ನನ್ನ ಅವ್ವನನ್ನೇ ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ನನಗ್ಯಾಕ ಈಗ, ನಿನ್ನ ಮದಿವಿಗೆ ಇಡು’ ಅಂದಳು. ನನ್ನ ಸಾಫ್ಟ್‌ವೇರಿನ ತುಂಬಾ ಒಂದೇ ಉತ್ತರ ತುಂಬಿಕೊಂಡಿತ್ತು.

ನನಗೆ ಕೆಟ್ಟ ಸಿಟ್ಟು ಬಂತು. ಬೇಡ ಅನ್ನುವುದು ನಮ್ಮಲ್ಲಿ ಹೆಣ್ಣಿನ ಮರ್ಯಾದೆ. ಬೇಕು ಅಂದವಳು ಬಾಯಿಬಡುಕಿ, ಆಸೆಬುರುಕಿ. ಹೀಗಾಗಿ ಕೊಡುವವರು ತಮಗೆ ತಿಳಿದದ್ದನ್ನು ಕೊಡುತ್ತಾರೆ, ತೆಗೆದುಕೊಳ್ಳುವವಳು ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾಳೆ, ಮುಂದೆ ಯಾರದೋ ಮದುವೆಗೆ ಅದೇ ಸಾಮಾನು ಬಣ್ಣದ ಕಾಗದ ಸುತ್ತಿಕೊಂಡು ಹೊರಡುತ್ತದೆ. ಇದಕ್ಕೆ ಫೋನು ಬೇರೆ ಕೇಡು ಎಂದು ಆ ಪ್ರೋಗ್ರಾಂ ಅಳಿಸಿ ಹಾಕಬೇಕು ಅನ್ನಿಸಿತ್ತು.

ಅಳಿಸದೆ ಉಳಿದದ್ದು ಅವ್ವನಿಂದ. ಆ ವಾರ ಸಂತೆಯಲ್ಲಿ ಅವ್ವ ಒಂದು ಪಿಂಗಾಣಿ ಭರಣಿ ಎತ್ತಿಕೊಂಡಳು. ಮುಚ್ಚಳ ತಿರುಗಿಸಿ ನೋಡಿದಳು, ಬೆರಳಿನಿಂದ ಬಡಿದು ಸದ್ದು ಕೇಳಿದಳು, ಸೆರಗಿನಿಂದ ಧೂಳು ಒರೆಸಿದಳು, ಆಮೇಲೆ ಇದ್ದ ಜಾಗದಲ್ಲೇ ಇಟ್ಟು ಬದನೆಕಾಯಿಯ ಕಡೆ ನಡೆದಳು. ತಗೋ ಅವ್ವ ಅಂದರೆ ‘ಬ್ಯಾಡ ಬಿಡು’ ಅಂದಳು. ಬಾಯಿ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ ಎಂದು ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಪ್ರಶ್ನೆ ಕೇಳಬೇಕಾದದ್ದು ತೆಗೆದುಕೊಳ್ಳುವವರನ್ನಲ್ಲ, ಕೊಡುವವರನ್ನು. ಅಂದು ಮನೆಗೆ ಬಂದು ಮೂರನೆಯ ಪ್ರಶ್ನೆಯನ್ನು ಕಿತ್ತು ಹಾಕಿ ಹೊಸದು ಬರೆದೆ: ‘ಅವರು ಕೈಗೆತ್ತಿಕೊಂಡು ನೋಡಿ, ಮತ್ತೆ ಇಟ್ಟದ್ದು ಯಾವುದು?’ ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಫೋನು ಏನನ್ನೂ ಸೂಚಿಸುವುದಿಲ್ಲ. ‘ಒಮ್ಮೆ ಹೋಗಿ ಅವರ ಜೊತೆ ಕೂತು ಬನ್ನಿ’ ಎಂದಷ್ಟೇ ತೋರಿಸುತ್ತದೆ. ಬರೆದು ಮುಗಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಾವ್ಕಾರರು ಕನ್ನಡಕ ಏರಿಸಿ ಆ ಪ್ರಶ್ನೆಯನ್ನು ಓದಿದರು. ಚಹಾ ತರಿಸಿದರು. ಮನುಷ್ಯ ಕೆಟ್ಟವರಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ.

‘ಕೂತು ಬರ್ರಿ ಅಂದ್ರ ಗಿರಾಕಿ ಎದ್ದು ಹೋಗ್ತಾನಮ್ಮ’ ಅಂದರು. ‘ಬೀಗರ ಹತ್ರ ಲಾರಿ ಐತಾ, ಮೈನ್ಸ್ ಐತಾ, ಹೊಲ ಐತಾ, ಇಷ್ಟು ಕೇಳು ಸಾಕು. ಲಾರಿ ಅಂದ್ರ ಬೆಳ್ಳಿ ಆರತಿ ಸೆಟ್ ತೋರಿಸು, ಮೈನ್ಸ್ ಅಂದ್ರ ಬಂಗಾರದ ಕಡೆ ಕಳಿಸು. ಎಲ್ಲಿ, ನಿಮ್ಮ ಮನೀದೇ ಹಾಕಿ ನೋಡು. ಮುಂದಿನ ಕಾರ್ಯ ಯಾವುದೈತಿ?’

ಮುಂದಿನ ಕಾರ್ಯ ಅಕ್ಕನ ಕುಬುಸ, ಅಂದರೆ ಸೀಮಂತ. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ, ಬಳೆ, ಕುಪ್ಪಸ ಹೊಲಿಸಲು ಕುಬುಸದ ಕಣ, ಬುತ್ತಿ ಎಲ್ಲ ಕಟ್ಟಿಕೊಂಡು ಹೋಗಿ ಉಡಿ ತುಂಬಿ ಬರಬೇಕು. ಅವಳ ಗಂಡನ ಮನೆಯವರು ಭತ್ತ ಬೆಳೆಯುತ್ತಿದ್ದವರು, ಅದಿರಿನ ಕಾಲಕ್ಕೆ ಲಾರಿ ಕೊಂಡು ಗಣಿಗೆ ಹಚ್ಚಿದ್ದರು. ಸಾವ್ಕಾರರು ಹೇಳಿದ ಲೆಕ್ಕದಲ್ಲಿ ಫೋನು ಬೆಳ್ಳಿ ಆರತಿ ಸೆಟ್ ತೋರಿಸಬೇಕಿತ್ತು.

‘ನಮ್ಮಕ್ಕಗ ಆರತಿ ಸೆಟ್ ಬ್ಯಾಡ್ರಿ ಸಾವ್ಕಾರ್ರ’ ಅಂದೆ.

‘ನಿಮ್ಮಕ್ಕನ್ನ ಯಾರ್ ಕೇಳ್ಯಾರಮ್ಮ?’ ಅಂದರು ಅವರು, ನಗುತ್ತಲೇ. ‘ನೋಡೋರು ಊರೋರು. ಕೊಟ್ಟದ್ದು ಅವರ ಕಣ್ಣಿಗೆ ಬೀಳಬೇಕು.’

ಆ ಮಾತು ನನಗೆ ಚಪ್ಪಲಿಯ ಮೊಳೆಯಂತೆ ಚುಚ್ಚಿತು. ಅವರು ತಪ್ಪು ಹೇಳಿರಲಿಲ್ಲ, ಅದೇ ಇನ್ನೂ ಉರಿಸಿತು. ಯಾರೂ ಕೇಳಿರಲಿಲ್ಲ. ನಾನೂ ಒಮ್ಮೆ ಬಾಯಿಮಾತಿಗೆ ಕೇಳಿ ಅಲ್ಲಿಗೇ ಬಿಟ್ಟಿದ್ದೆ. ‘ಈ ಪ್ರಶ್ನಿ ತೆಗೆಯಂಗಿಲ್ರಿ. ತೆಗಿಬೇಕಂದ್ರ ಬ್ಯಾರೆಯವರ ಕೈಲಿ ಮಾಡಿಸ್ಕೊಳ್ರಿ’ ಎಂದು ಹೇಳಿ ಎದ್ದು ಬಂದೆ. ಚಹಾ ಅರ್ಧ ಉಳಿದಿತ್ತು. ಸ್ವಲ್ಪ ದಿನದಲ್ಲಿ ಅವರ ಅಳಿಯನ ಕಡೆಯ ಯಾರೋ ಅವರಿಗೆ ಬೇಕಾದ ಹಾಗೆ ಮಾಡಿಕೊಟ್ಟರು ಎಂದು ಕೇಳಿದೆ. ಬಳ್ಳಾರಿಯ ಫೋನುಗಳಲ್ಲಿ ಬೆಳ್ಳಿ ಆರತಿ ಸೆಟ್ಟುಗಳು ಮಿಂಚಿದ್ದವಂತೆ. ಮಿಂಚಲಿ. ನನ್ನ ಪ್ರಶ್ನೆ ನನ್ನ ಫೋನಿನಲ್ಲಿತ್ತು, ಅದಕ್ಕೆ ಉತ್ತರವೂ ನನಗೆ ಗೊತ್ತಿತ್ತು.

ಅಕ್ಕ ಮದುವೆಗೆ ಮುಂಚೆ ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುತ್ತಿದ್ದಳು. ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು, ಅವಳು ಯೂನಿಟ್ಟಿಗೆ, ನಾನು ಪಾಲಿಟೆಕ್ನಿಕ್‌ಗೆ. ಅಪ್ಪನ ಬಸ್‌ಸ್ಟ್ಯಾಂಡ್ ಹೋಟೆಲು ಮನೆ ನಡೆಸುತ್ತಿತ್ತು, ನನ್ನ ಓದು ನಡೆದದ್ದು ಅಕ್ಕನ ಹೊಲಿಗೆಯಲ್ಲಿ. ಯೂನಿಟ್ಟಿನವರು ಹಳೆಯ ಕರೆಂಟ್ ಮಷಿನ್ನುಗಳನ್ನು ಮಾರಿದಾಗ ಒಂದನ್ನು ತಾನೇ ಕೊಂಡು ಮನೆಗೆ ತಂದಳು. ಭಾನುವಾರ ಓಣಿಯ ತುಂಬಾ ಅದರ ಗರ್ರ್ ಸದ್ದು. ಪ್ಯಾಂಟಿನ ಜೇಬು ಹೊಲಿಯುವಾಗ ಅವಳು ಮಾತಾಡುತ್ತಿರಲಿಲ್ಲ, ಆದರೆ ಅಷ್ಟು ಹಗುರವಾಗಿ ನಾನು ಅವಳನ್ನು ಬೇರೆ ಯಾವಾಗಲೂ ಕಂಡದ್ದಿಲ್ಲ. ಮದುವೆಯ ಮಾತಿನಲ್ಲಿ ಅವಳ ಅತ್ತೆ, ‘ನಮ್ಮನಿ ಸೊಸಿ ಊರೋರ ಪ್ಯಾಂಟು ಹೊಲಿಯಾದು ಬ್ಯಾಡ್ರಿ’ ಅಂದರು. ಮಷಿನ್ನು ಕುರುಗೋಡಿನಲ್ಲೇ ಉಳಿಯಿತು. ಅವ್ವ ಅದರ ಮೇಲೆ ಹಳೆಯ ಸೀರೆ ಹೊದಿಸಿದಳು. ಅಕ್ಕ ತವರಿಗೆ ಬಂದಾಗಲೆಲ್ಲ ಕೈಕಾಲು ತೊಳೆದವಳೇ ಸೀರೆ ಸರಿಸಿ, ಎಣ್ಣೆ ಬಿಟ್ಟು, ಗಾಲಿಯನ್ನು ಕೈಯಲ್ಲೇ ತಿರುಗಿಸಿ ನೋಡಿ, ಮತ್ತೆ ಸೀರೆ ಎಳೆದು ಮುಚ್ಚುತ್ತಿದ್ದಳು. ‘ತಗೊಂಡು ಹೋಗಬೇಕಂತ ಅನಿಸ್ತೈತೇನು’ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ‘ಬ್ಯಾಡ ಬಿಡಲೇ’ ಅಂದಿದ್ದಳು.

ಕುಬುಸಕ್ಕೆ ಮಷಿನ್ ಒಯ್ಯೋಣ ಎಂದು ನಾನು ಹೇಳಿದ ದಿನ ಮನೆಯಲ್ಲಿ ಕುರುಕ್ಷೇತ್ರವೇ ಆಯಿತು.

‘ಶುಭ ಕಾರ್ಯಕ್ಕ ಹಳೇ ಸಾಮಾನು ಒಯ್ಯಾರನ? ತಲಿ ನೆಟ್ಟಗೈತಿಲ್ಲೋ ನಿಂದು?’ ಎಂದು ಅವ್ವ ಲಟ್ಟಣಿಗೆ ಕೆಳಗಿಟ್ಟಳು. ‘ಬೀಗರು ಏನಂತಾರ? ತವರಿನೋರಿಗೆ ಗತಿ ಇಲ್ಲ ಅಂತಾರ. ಹೆರಿಗಿಗೆ ಇಲ್ಲಿಗೇ ಬರ್ತಾಳಲ್ಲ, ಆಗ ಬೇಕಾದಷ್ಟು ಹೊಲೀಲಿ.’

‘ಇಲ್ಲಿ ಹೊಲಿದ್ರ ತವರುಮನಿ ಹವ್ಯಾಸ ಅಂತಾರವ್ವ. ಆಕಿ ಮನ್ಯಾಗ ಹೊಲಿದ್ರ ಅದು ಆಕಿ ಕೆಲಸ.’

‘ಆಕಿ ಕೇಳ್ಯಾಳೇನು ನಿನ್ನ?’

‘ಕೇಳಂಗಿಲ್ಲ. ನೀನರ ಯಾವತ್ತು ಏನರ ಬೇಕಂತ ಕೇಳೀದಿ?’

ಅವ್ವ ಲಟ್ಟಣಿಗೆ ಎತ್ತಿಕೊಂಡು ಮತ್ತೆ ಲಟ್ಟಿಸತೊಡಗಿದಳು. ಸಿಟ್ಟಿನಿಂದಲೋ ಬೇರೆ ಯಾತಕ್ಕೋ ನನಗೆ ತಿಳಿಯಲಿಲ್ಲ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಅಪ್ಪ ಮಾತ್ರ, ‘ಲಗೇಜ್ ಆಟೋದಂವಗ ಹೇಳ್ತೀನಿ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನನಗೆ ಗೆದ್ದಂತೆ ಅನ್ನಿಸಿತು. ಗೆದ್ದಿರಲಿಲ್ಲ. ಎಲ್ಲರೆದುರು ಅಕ್ಕ ಬೇಡ ಅಂದುಬಿಟ್ಟರೆ ಅವಳ ಕುಬುಸದ ದಿನ ಅವಳ ಮುಖ ಕೆಡಿಸಿದ ತಂಗಿ ನಾನಾಗುತ್ತಿದ್ದೆ. ಆಮೇಲೆ ಮಷಿನ್ನಿನ ಮಾತು ಆ ಮನೆಯಲ್ಲಿ ಯಾರೂ ಎತ್ತುವ ಹಾಗೂ ಇರುತ್ತಿರಲಿಲ್ಲ. ಮುಂಚೆಯೇ ಅವಳಿಗೆ ಒಂದು ಫೋನು ಮಾಡಿ ಹೇಳಬಹುದಿತ್ತು. ಹೇಳಿದರೆ ಬೇಡ ಅನ್ನುತ್ತಾಳೆಂದು ಹೇಳಲಿಲ್ಲ.

ತೆಕ್ಕಲಕೋಟೆ ದಾಟುವವರೆಗೂ ಅವ್ವ ನನ್ನ ಜೊತೆ ಮಾತಾಡಲಿಲ್ಲ. ನಾವು ಬಸ್ಸಿನಲ್ಲಿ, ಅಪ್ಪ ಹಿಂದೆ ಲಗೇಜ್ ಆಟೋದಲ್ಲಿ ಮಷಿನ್ ಹಿಡಿದುಕೊಂಡು. ಸೀರೆ, ಕಣ, ಬಳೆ, ಹೋಳಿಗೆಯ ಬುಟ್ಟಿ ಎಲ್ಲ ಹೊಸದಾಗಿಯೇ ಇದ್ದವು, ಅದರಲ್ಲಿ ಅವ್ವ ಒಂದಿಷ್ಟೂ ಕೊರತೆ ಮಾಡಿರಲಿಲ್ಲ. ಬಸ್ಸಿನ ಕಿಟಕಿಯ ಆಚೆ ಭತ್ತದ ಗದ್ದೆಗಳು, ಈಚೆ ಅವ್ವನ ಬಿಗಿದ ತುಟಿ. ಇಳಿಯುವಾಗ, ‘ಆಕಿ ಅತ್ತಿ ಏನರ ಅಂದ್ರ ನೀನ ಉತ್ತರ ಕೊಡು, ನನಗ ಬರಂಗಿಲ್ಲ’ ಅಂದಳು. ಕೊಡುತ್ತೇನೆ ಅಂದೆ.

ಅಕ್ಕನ ಅತ್ತೆಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಹೂವಿನ ಕುರ್ಚಿಯ ಮೇಲೆ ಅಕ್ಕ ಕೂತಿದ್ದಳು. ನಾವು ತಂದ ಹಸಿರು ಸೀರೆ ಉಟ್ಟು, ಮೊಣಕೈವರೆಗೂ ಹಸಿರು ಬಳೆ ಇಡಿಸಿಕೊಂಡು, ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಚೆಂದ ಕಾಣುತ್ತಿದ್ದಳು. ಉಡಿ ತುಂಬಿದ್ದಾಯಿತು, ಆರತಿಯೂ ಆಯಿತು. ಜಮಖಾನದ ಮೇಲೆ ಬಂದ ಬಂದ ಉಡುಗೊರೆ ಜೋಡಿಸಿದ್ದರು, ಅದರಲ್ಲಿ ಬೆಳ್ಳಿ ಆರತಿ ಸೆಟ್ಟುಗಳೂ ಇದ್ದವು. ಆಗ ಅಪ್ಪ ಮತ್ತು ಆಟೋದವನು ಮಷಿನ್ನನ್ನು ಮೇಜಿನ ಸಮೇತ ಎತ್ತಿಕೊಂಡು ಬಾಗಿಲಲ್ಲಿ ನಿಂತರು. ಜಾಗ ಬಿಡಿ ಬಿಡಿ ಎಂದು ನಾನೇ ದಾರಿ ಮಾಡಿ ಒಳಗೆ ಇಡಿಸಿದೆ. ಸೀರೆ ಸರಿಸಿದೆ. ಹೆಂಗಸರು ಕತ್ತು ಚಾಚಿ ನೋಡಿದರು.

‘ಏನ್ರೀ ಬೀಗರ, ಕುಬುಸಕ್ಕ ಬಂದೀರೋ, ಅಂಗಡಿ ಇಡಾಕ ಬಂದೀರೋ?’ ಅಂದರು ಅಕ್ಕನ ಅತ್ತೆ.

‘ಅಕ್ಕನ ಮಷಿನ್ರೀ ಇದು. ಆಕಿ ದುಡಿದು ತಗೊಂಡದ್ದು. ಆಕಿಗೆ ಮುಟ್ಟಿಸಾಕ ಬಂದೀವಿ’ ಅಂದೆ. ನನ್ನ ದನಿ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು.

‘ಇಲ್ಲೇನ್ ಕಡಿಮಿ ಮಾಡೀವಿ ಆಕಿಗೆ? ಉಣ್ಣಾಕ ಇಲ್ಲೇನು, ಉಡಾಕ ಇಲ್ಲೇನು?’

‘ಐತ್ರಿ. ಎಲ್ಲಾ ಐತಿ. ಇದೊಂದು ಇರಲಿಲ್ಲ.’

ಬಾಗಿಲ ಹೊರಗೆ ಲಾರಿಯವರ ಜೊತೆ ನಿಂತಿದ್ದ ಭಾವ ಒಳಗೆ ಇಣುಕಿ, ತಾಯಿಯ ಮುಖ ನೋಡಿ, ಹಾಗೇ ಹಿಂದೆ ಸರಿದರು. ಅತ್ತೆ ನನ್ನ ಜೊತೆ ಮಾತು ಬಿಟ್ಟು ಅಕ್ಕನ ಕಡೆ ತಿರುಗಿದರು. ಜಾಣ ಹೆಂಗಸು, ಎಲ್ಲಿ ಹಿಡಿದರೆ ಬಗ್ಗುತ್ತದೆಂದು ಗೊತ್ತಿತ್ತು. ಬಹಳ ಮೆತ್ತಗೆ, ಬಹಳ ಪ್ರೀತಿಯಿಂದ ಕೇಳಿದರು:

‘ನೀನ ಹೇಳವಾ. ಇದು ಬೇಕೇನು ನಿನಗ?’

ಅಲ್ಲಿದ್ದ ಎಲ್ಲರಿಗೂ ಉತ್ತರ ಗೊತ್ತಿತ್ತು. ನನಗೂ. ಅದನ್ನು ನಾನು ಕುರುಗೋಡಿನ ಓಣಿಯ ತುಂಬಾ ಕೇಳಿಸಿಕೊಂಡು ಬಂದಿದ್ದೆ. ಅವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. ತಪ್ಪಾಯಿತು ಅಕ್ಕ, ಬೇಡ ಅಂದುಬಿಡು, ನಾನು ವಾಪಸ್ ಒಯ್ಯುತ್ತೇನೆ ಎಂದು ನಾನೇ ಹೇಳಿಬಿಡುವಷ್ಟು ಹೆದರಿದೆ.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಮಷಿನ್ನಿನ ಕಡೆ ನೋಡುತ್ತಿದ್ದಳು.

‘ಬೇಕ್ರೀ ಅತ್ತಿ’ ಅಂದಳು. ಆಮೇಲೆ ಕೈ ತೋರಿಸಿ, ‘ಕಿಟಕಿ ಕಡೆ ಇಡ್ರಿ ಅದನ್ನ. ಬೆಳಕು ಬೇಕಾಗ್ತೈತಿ.’

ಯಾರೂ ಕದಲಲಿಲ್ಲ. ಅಪ್ಪನೇ ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ ಹಿಡಿದೆ. ಕಿಟಕಿಯ ಹತ್ತಿರ ಎಳೆದು ಇಟ್ಟೆವು, ನೆಲದ ಮೇಲೆ ಗೀರು ಬಿತ್ತು. ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು, ಉಡಿಯಲ್ಲಿದ್ದದ್ದನ್ನು ಅವ್ವನ ಸೆರಗಿಗೆ ಹಾಕಿದಳು, ಬಂದು ಮಷಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂತಳು. ಹೊಟ್ಟೆ ಅಡ್ಡ ಬಂತು. ಸ್ಟೂಲು ಹಿಂದೆ ಸರಿಸಿಕೊಂಡಳು.

‘ಕರೆಂಟಿಲ್ಲ ನೋಡು’ ಅಂದರು ಅತ್ತೆ. ನಿಜ, ಮುಂಜಾನೆಯಿಂದ ಇರಲಿಲ್ಲ.

‘ಬರೋತನ ಕುಂತಿರ್ತೀನ್ರಿ.’

ಹೆಂಗಸರು ಊಟಕ್ಕೆ ಎದ್ದರು. ಅಕ್ಕ ಏಳಲಿಲ್ಲ. ನಾನು ತಟ್ಟೆ ಅಲ್ಲಿಗೇ ಒಯ್ದು ಕೊಟ್ಟೆ, ಹೋಳಿಗೆ ತಿಂದು ಕೈ ತೊಳೆದು ಮತ್ತೆ ಅಲ್ಲೇ ಕೂತಳು. ನಾವು ತಂದ ಕುಬುಸದ ಕಣವನ್ನು ಮೇಜಿನ ಮೇಲೆ ಹಾಸಿ, ಗೇಣು ಹಾಕಿ ಅಳೆದು, ಕತ್ತರಿ ಆಡಿಸತೊಡಗಿದಳು. ಹೊರಡಲು ನಿಂತಿದ್ದ ಒಬ್ಬ ಮುದುಕಿ ತಡೆಯಲಾರದೆ, ‘ಇದನ್ನ ದರ್ಜಿ ಕಡೆ ಕೊಡೋ ಪದ್ಧತಿ ಐತವಾ’ ಅಂದಳು. ಅಕ್ಕ ಕತ್ತರಿಯಿಂದ ಕಣ್ಣು ತೆಗೆಯಲಿಲ್ಲ.

‘ನನ್ನ ಕುಬುಸ ನಾನ ಹೊಲ್ಕೊಂತೀನಜ್ಜಿ’ ಅಂದಳು.

ಬಂದವರೆಲ್ಲ ಹೋದರು. ಅತ್ತೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಮ್ಮ ಬಸ್ಸಿಗೆ ಹೊತ್ತಾಗುತ್ತಿತ್ತು. ಅವ್ವ ಹೋಗೋಣ ಅನ್ನಲಿಲ್ಲ, ಅಕ್ಕನ ಪಕ್ಕ ನೆಲದ ಮೇಲೆ ಕೂತು ಕತ್ತರಿಸಿ ಬಿದ್ದ ಹಸಿರು ಚೂರುಗಳನ್ನು ಆಯುತ್ತಿದ್ದಳು. ಹೊತ್ತು ಇಳಿಯುವ ಹೊತ್ತಿಗೆ ಮೇಲಿನ ಫ್ಯಾನು ತಿರುಗಿತು, ಒಳಕೋಣೆಯ ಟೀವಿ ತಾನಾಗಿ ಮಾತಾಡಿತು. ಅಕ್ಕ ದಾರ ಪೋಣಿಸಿದಳು, ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು, ಪೆಡಲು ಒತ್ತಿದಳು. ಗರ್ರ್ ಎಂದು ಸದ್ದು ಮನೆ ತುಂಬಿತು. ಒಳಗೆ ಯಾರೋ ಟೀವಿಯ ದನಿ ಏರಿಸಿದರು.

ಅಕ್ಕ ಪೆಡಲನ್ನು ಇನ್ನಷ್ಟು ಒತ್ತಿದಳು.